ಮೊದಲ ಟೂರ್ನಿಗೆ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ. ಎರಡು ವರ್ಷಗಳಿಂದ ಕರಾಟೆ ಕಲಿಯುತ್ತಿದ್ದೇನೆ. ಮುಂದಿನ ತಿಂಗಳ ಟೂರ್ನಿಯ ಕುಮಿಟೆ, ಅಂದರೆ ಎದುರಾಳಿಯೊಡನೆ ಸೆಣಸುವ ವಿಭಾಗಕ್ಕೆ ನಮ್ಮ ಮಾಸ್ಟರ್ ನನ್ನ ಹೆಸರು ಕೊಟ್ಟಿದ್ದಾರೆ. ತರಗತಿಯಲ್ಲಿ ಆಡುವಾಗ ಅಳುಕಿಲ್ಲ. ಅಪರಿಚಿತರ ಎದುರು ನಿಲ್ಲುವುದನ್ನು ನೆನೆದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ನನ್ನ ತೂಕ 70 ಕಿಲೊ. 67 ಕಿಲೊ ವಿಭಾಗಕ್ಕೆ ಇಳಿದರೆ ಅನುಕೂಲವೆಂದು ಗೆಳೆಯರು ಹೇಳುತ್ತಾರೆ. ಉಳಿದ ದಿನಗಳಲ್ಲಿ ಏನನ್ನು ಅಭ್ಯಾಸ ಮಾಡಲಿ? ಮೊದಲ ಸುತ್ತಿನಲ್ಲೇ ಸೋತರೆ ಏನು ಗತಿ?

ಉತ್ತರ: ತೂಕದ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಇಳಿಸಬೇಡಿ. ಕೊನೆಯ ದಿನಗಳಲ್ಲಿ ನೀರು, ಊಟ ಬಿಟ್ಟು ಇಳಿಸುವ ಮೂರು ಕಿಲೊದಲ್ಲಿ ಹೆಚ್ಚಿನದು ದೇಹದ ನೀರೇ ಆಗಿರುತ್ತದೆ. ಅದರೊಂದಿಗೆ ಕಾಲಿನ ಚುರುಕು ಮತ್ತು ಎದುರಾಳಿಯ ಚಲನೆಯನ್ನು ಗುರುತಿಸುವ ವೇಗವೂ ಹೋಗುತ್ತವೆ. ಅನುಭವಿ ಸ್ಪರ್ಧಿಗಳೇ ಈ ಲೆಕ್ಕದಲ್ಲಿ ಎಡವುವುದುಂಟು. ಮೊದಲ ಬಾರಿಗೆ ಇಳಿಯುವವರು ತಮ್ಮ ಸಹಜ ತೂಕದ ವಿಭಾಗದಲ್ಲಿಯೇ ಆಡುವುದು ಒಳ್ಳೆಯದು.

ಎರಡನೆಯದಾಗಿ, ಟೂರ್ನಿ ಯಾವ ನಿಯಮದಂತೆ ನಡೆಯುತ್ತದೆ ಎಂಬುದನ್ನು ಮಾಸ್ಟರ್ ಅವರಿಂದ ಇಂದೇ ಖಚಿತಪಡಿಸಿಕೊಳ್ಳಿ. ಕ್ಯೊಕುಶಿನ್ ಮಾದರಿಯಲ್ಲಿ ದೇಹಕ್ಕೆ ಪೂರ್ಣ ಬಲದಿಂದ ಹೊಡೆಯುತ್ತಾರೆ, ಆದರೆ ಮುಖಕ್ಕೆ ಮುಷ್ಟಿಯಿಂದ ಹೊಡೆಯುವಂತಿಲ್ಲ. ವಿಶ್ವ ಕರಾಟೆ ಒಕ್ಕೂಟದ ಮಾದರಿಯಲ್ಲಿ ಏಟನ್ನು ಹತೋಟಿಯಲ್ಲಿಡಬೇಕು. ಮುಷ್ಟಿಪ್ರಹಾರಕ್ಕೆ 1, ಹೊಟ್ಟೆ, ಎದೆ, ಬೆನ್ನಿನ ಮಟ್ಟದ ಒದೆತಕ್ಕೆ 2, ತಲೆಯ ಮಟ್ಟದ ಒದೆತಕ್ಕೆ 3 ಅಂಕ. ವಯಸ್ಕರ ಪಂದ್ಯ 3 ನಿಮಿಷದ್ದು. ನಡುವೆಯೇ 8 ಅಂಕಗಳ ಮುನ್ನಡೆ ಸಿಕ್ಕರೆ ಅಲ್ಲಿಗೇ ಮುಗಿಯಿತು. ಇಬ್ಬರು ಎದುರಾಳಿಗಳನ್ನು ಗುರುತಿಸಲು ಕಟ್ಟುವ ಕೆಂಪು, ನೀಲಿ ಬೆಲ್ಟ್‌ಗಳ ಮಾತನ್ನು ನೀವು ಕೇಳಿರುವಿರಾದರೆ ಬಹುಶಃ ಈ ಎರಡನೆಯ ಮಾದರಿಯೇ ಇರಬೇಕು. ಮುಂದಿನ ಮಾತುಗಳು ಅದನ್ನು ಗಮನದಲ್ಲಿರಿಸಿಕೊಂಡು ಬರೆದವು.

ಇನ್ನು ಅಭ್ಯಾಸ. ಒಂದು ತಿಂಗಳಲ್ಲಿ ಹೊಸ ಒದೆತವನ್ನು ಕಲಿತು ಅಂಕಣಕ್ಕೆ ಒಯ್ಯುವ ಆಸೆಯನ್ನು ಬಿಡಿ. ಗಾಬರಿಯಲ್ಲಿ ದೇಹಕ್ಕೆ ನೆನಪಾಗುವುದು ಸಾವಿರ ಸಲ ಮಾಡಿದ್ದು ಮಾತ್ರ, ಹೆಚ್ಚಿನವರ ಪಾಲಿಗೆ ಅದು ಕಿಜಾಮಿ-ಜುಕಿ ಮತ್ತು ಗ್ಯಾಕು-ಜುಕಿ, ಅಂದರೆ ಮುಂದಿರುವ ಕೈ ಮತ್ತು ಹಿಂದಿರುವ ಕೈಯ ನೇರ ಪ್ರಹಾರ. ಇವೆರಡರ ಜೊತೆಗೆ ನಿಮಗೆ ಸಲೀಸಾದ ಒಂದು ಒದೆತವಿದ್ದರೆ ಸಾಕು. ಬದಲಾಗಬೇಕಾದದ್ದು ಅಭ್ಯಾಸದ ಸನ್ನಿವೇಶ. ನಿಮ್ಮ ಆಟವನ್ನು ಅರಿಯದ ಬೇರೆ ತರಗತಿಯವರೊಡನೆ ಆಡಲು ಮಾಸ್ಟರ್ ಅನುಮತಿ ಕೊಟ್ಟರೆ ಬಿಡಬೇಡಿ. ಒಬ್ಬರು ರೆಫರಿಯಾಗಿ ನಿಂತು ‘ಹಾಜಿಮೆ’ (ಆರಂಭಿಸಿ), ‘ಯಾಮೆ’ (ನಿಲ್ಲಿಸಿ) ಎಂದು ಕೂಗಲಿ, ಒಬ್ಬರು ಗಡಿಯಾರ ಹಿಡಿಯಲಿ, ಉಳಿದವರು ಸುತ್ತ ನಿಂತು ಗದ್ದಲ ಮಾಡಲಿ. ಕೆಲವು ಸುತ್ತುಗಳನ್ನು ನೀವು ಎರಡು ಅಂಕ ಹಿಂದಿರುವಂತೆ, ಮೂವತ್ತು ಸೆಕೆಂಡು ಮಾತ್ರ ಉಳಿದಿರುವಂತೆ ಆರಂಭಿಸಿ.

ಹೊಸಬರು ಅಂಕ ಕಳೆದುಕೊಳ್ಳುವ ಒಂದು ಕ್ಷಣವನ್ನು ಇಲ್ಲಿ ಬಿಡಿಸಿ ಹೇಳಬೇಕು. ಗ್ಯಾಕು-ಜುಕಿ ಸರಿಯಾಗಿ ಎದೆಗೆ ತಾಗುತ್ತದೆ. ಹೊಡೆದವರು ಸಂಭ್ರಮದಿಂದ ಕೈ ಇಳಿಸಿ, ಕುತ್ತಿಗೆ ತಿರುಗಿಸಿ, ಮೂಲೆಯ ತೀರ್ಪುಗಾರರು ಧ್ವಜ ಎತ್ತಿದರೇ ಎಂದು ನೋಡುತ್ತಾರೆ. ಧ್ವಜ ಏಳುವುದಿಲ್ಲ. ಪ್ರಹಾರದ ನಂತರವೂ ಎದುರಾಳಿಯ ಮೇಲೆ ನೆಟ್ಟಿರುವ ಗಮನಕ್ಕೆ ಜಾನ್‌ಶಿನ್ ಎನ್ನುತ್ತಾರೆ, ಅದಿಲ್ಲದ ಪ್ರಹಾರಕ್ಕೆ ಅಂಕ ಸಿಗುವುದು ಕಷ್ಟ. ಇದಲ್ಲದೆ ಬೆನ್ನು ತೋರಿಸಿ ನಿಂತವರಿಗೆ ತಮ್ಮನ್ನು ತಾವೇ ಅಪಾಯಕ್ಕೊಡ್ಡಿದ ತಪ್ಪಿಗೆ ದಂಡವೂ ಬೀಳಬಹುದು. ಆದ್ದರಿಂದ ಹೊಡೆಯಿರಿ, ಕೈಯನ್ನು ಹಿಂದಕ್ಕೆ ಸೆಳೆಯಿರಿ, ದೃಷ್ಟಿ ಕದಲಿಸದೆ ದೂರ ಸರಿಯಿರಿ, ‘ಯಾಮೆ’ ಕೇಳುವವರೆಗೂ ಪಂದ್ಯ ನಡೆಯುತ್ತಲೇ ಇದೆ ಎಂದುಕೊಳ್ಳಿ. ಎದುರಾಳಿಗಿಂತ ಮೊದಲು ಅಂಕ ಗಳಿಸಿದವರಿಗೆ ಸೆನ್‌ಶು ಎಂಬ ಮೇಲುಗೈ ದೊರೆಯುತ್ತದೆ, ಪಂದ್ಯ ಸಮವಾದರೆ ಅದೇ ಗೆಲುವನ್ನು ನಿರ್ಧರಿಸುತ್ತದೆ. ಆದರೆ ಅದನ್ನು ನಂಬಿಕೊಂಡು ಕೊನೆಯ 15 ಸೆಕೆಂಡುಗಳಲ್ಲಿ ಓಡಾಡಿ ಕಾಲ ಕಳೆಯಲು ಹೋದರೆ ಆ ಮೇಲುಗೈಯೇ ಕೈತಪ್ಪಬಹುದು.

ಕೈಕಾಲು ತಣ್ಣಗಾಗುವುದು ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ಅದು ಹೃದಯಬಡಿತವನ್ನು ಏರಿಸಿ, ಚರ್ಮದಿಂದ ರಕ್ತವನ್ನು ಸ್ನಾಯುಗಳ ಕಡೆಗೆ ಹರಿಸುತ್ತದೆ. ಆದುದರಿಂದ ಭಯವನ್ನು ಓಡಿಸಲು ಹೆಣಗುವುದಕ್ಕಿಂತ ಉಸಿರಿನ ಕಡೆ ಗಮನ ಕೊಡುವುದು ಮೇಲು. ಮೊದಲ ಪಂದ್ಯದಲ್ಲಿ ಅನೇಕರು ತಮಗೆ ಅರಿವಿಲ್ಲದೆಯೇ ಉಸಿರು ಹಿಡಿದು ಆಡುತ್ತಾರೆ ಮತ್ತು ಒಂದೇ ನಿಮಿಷದಲ್ಲಿ ಭುಜಗಳು ಕಲ್ಲಾಗುತ್ತವೆ. ಪ್ರತಿ ‘ಯಾಮೆ’ಯ ನಂತರ ನಿಮ್ಮ ಜಾಗಕ್ಕೆ ಮರಳುವಾಗ ಉಸಿರನ್ನು ದೀರ್ಘವಾಗಿ ಹೊರಬಿಡುವುದನ್ನು ತರಗತಿಯಲ್ಲೇ ರೂಢಿಸಿಕೊಳ್ಳಿ. ಮೌತ್‌ಗಾರ್ಡ್ ಕಚ್ಚಿಕೊಂಡು ಅಭ್ಯಾಸ ಮಾಡದಿದ್ದರೆ ಆ ದಿನ ಉಸಿರಾಟವೇ ಬೇರೆಯಾಗಿ ತೋರುತ್ತದೆ, ಆದ್ದರಿಂದ ಹೊಸದನ್ನು ಹಿಂದಿನ ದಿನ ಕೊಳ್ಳಬೇಡಿ.

ನನ್ನ ದೃಷ್ಟಿಯಲ್ಲಿ ಪಂದ್ಯಕ್ಕಿಂತ ಕಠಿಣವಾದದ್ದು ಕಾಯುವಿಕೆ. ಬೆಳಿಗ್ಗೆ ತೂಕ ನೋಡಿದರೆ ನಿಮ್ಮ ಸರದಿ ಮಧ್ಯಾಹ್ನವೂ ಬರಬಹುದು. ಬೇಗ ಬೆವರು ಬರಿಸಿಕೊಂಡವರು ಆ ಹೊತ್ತಿಗೆ ಬಳಲಿರುತ್ತಾರೆ. ನಿಮ್ಮ ಹಿಂದೆ ಮುಂದೆ ಯಾರ ಪಂದ್ಯವಿದೆಯೆಂದು ತಿಳಿದುಕೊಂಡು, ಹೆಸರು ಕೂಗುವ ಸುಮಾರು ಇಪ್ಪತ್ತು ನಿಮಿಷ ಮುಂಚೆ ಮೈ ಬಿಸಿ ಮಾಡಿಕೊಳ್ಳಿ. ಭಾರವಾದ ಊಟವನ್ನು ಮೂರು ಗಂಟೆ ಮೊದಲೇ ಮುಗಿಸಿ, ಅನಂತರ ಹಗುರಾದದ್ದನ್ನು ಸ್ವಲ್ಪಸ್ವಲ್ಪವಾಗಿ ತಿನ್ನುತ್ತಿರಿ. ತಲೆಗೆ ಏಟು ಬಿದ್ದು ಮಂಪರು, ತಲೆಸುತ್ತು ಅಥವಾ ವಾಕರಿಕೆ ಬಂದರೆ ತೀರ್ಪುಗಾರರಿಗೆ ತಕ್ಷಣ ಹೇಳಿ, ಆ ದಿನ ಮತ್ತೆ ಆಡಬೇಡಿ.

ಮೊದಲ ಸುತ್ತಿನ ಸೋಲು ಸಾಮಾನ್ಯ ಸಂಗತಿ. ನಾಕ್‌ಔಟ್ ಪಟ್ಟಿಯಲ್ಲಿ ಅರ್ಧದಷ್ಟು ಮಂದಿಗೆ ಅದೇ ಆಗುತ್ತದೆ, ಹಾಗಾಗಿ ನಿಮ್ಮನ್ನು ಪ್ರತ್ಯೇಕವಾಗಿ ಗಮನಿಸುವವರು ಯಾರೂ ಇರುವುದಿಲ್ಲ. ಆದರೆ ಬ್ಯಾಗ್ ಎತ್ತಿಕೊಂಡು ಕೂಡಲೇ ಹೊರಡಬೇಡಿ: ರೆಪೆಶಾಜ್, ಅಂದರೆ ಸೋತವರಿಗೆ ಇನ್ನೊಂದು ಅವಕಾಶ ಇರುವ ಟೂರ್ನಿಗಳಲ್ಲಿ ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ, ಕಂಚಿನ ಪದಕಕ್ಕಾಗಿ ಆಡಲು ನಿಮ್ಮ ಹೆಸರನ್ನು ಮತ್ತೆ ಕೂಗುತ್ತಾರೆ.

ಪ್ರಶ್ನೆ: ನನ್ನ ಹತ್ತು ವರ್ಷದ ಮಗಳ ಮೊದಲ ಸ್ಪರ್ಧೆ ಹತ್ತಿರವಾಗಿದೆ. ನಾನು ಬದಿಯಲ್ಲಿ ಕುಳಿತು ಸಲಹೆ ಕೂಗಿ ಹೇಳಬಹುದೇ?

ಉತ್ತರ: ಬೇಡ. ಸಲಹೆ ನೀಡಲು ಕೋಚ್‌ಗೆ ನಿಗದಿಯಾದ ಆಸನವಿರುತ್ತದೆ. ಎರಡು ದಿಕ್ಕಿನಿಂದ ಎರಡು ಮಾತು ಕೇಳಿಸಿದರೆ ಮಗು ಎರಡನ್ನೂ ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತದೆ, ಅಷ್ಟರಲ್ಲಿ ಎದುರಿನಿಂದ ಏಟು ಬಂದಿರುತ್ತದೆ. ಕಿರಿಯರ ವಿಭಾಗದಲ್ಲಿ ಮುಖದ ಸ್ಪರ್ಶದ ಕುರಿತ ನಿಯಮ ವಯಸ್ಕರಿಗಿಂತ ಬಿಗಿಯಾಗಿದೆ, ಆ ಬಗ್ಗೆ ಆತಂಕ ಬೇಡ. ಉಗುರು ಕತ್ತರಿಸಿ, ಕೂದಲನ್ನು ಬಿಗಿಯಾಗಿ ಕಟ್ಟಿ, ಓಲೆ, ಬಳೆಗಳನ್ನು ಮನೆಯಲ್ಲೇ ತೆಗೆದಿಡಿ. ಪಂದ್ಯ ಮುಗಿದ ಮೇಲೆ ತಪ್ಪುಗಳನ್ನು ಎಣಿಸುವ ಕೆಲಸವನ್ನು ಮುಂದಿನ ತರಗತಿಗೆ, ಅವಳ ಮಾಸ್ಟರ್‌ಗೆ ಬಿಟ್ಟುಬಿಡಿ.