ಆರ್‌ಎನ್‌ಎ ಯಾವ ಕೋಶದಲ್ಲಿದೆ ಅಂತ ನೋಡುವುದು ಹೇಗೆ?

ಆರ್‌ಎನ್‌ಎ (ಜೀನಿನ ಸಂದೇಶ ಹೊರುವ ಅಣು) ಹುಡುಕಲು ಪಿಸಿಆರ್ (ನಕಲು ಹೆಚ್ಚಿಸಿ ಪತ್ತೆ ಹಚ್ಚುವ ಪರೀಕ್ಷೆ) ಸಾಲದೇ, ಕಿಣ್ವ ಹಾಕಿ ಕೋಶದೊಳಗೇ ಹುಡುಕುವುದು ಯಾಕೆ ಎಂದು ಕೇಳಿದ್ದೀರಿ.

ನಮ್ಮ ಸಿದ್ದಾಪುರದ ಕಡೆ ಮಂಗನ ಕಾಯಿಲೆ ಶಂಕೆ ಬಂದರೆ ರಕ್ತ ತೆಗೆದು ಪಿಸಿಆರ್ ಮಾಡುತ್ತಾರೆ. ಆ ವೈರಸ್ಸಿನದೂ ಆರ್‌ಎನ್‌ಎಯೇ. ಇದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು. ಆದರೆ ಅಲ್ಲಿ ಎಲ್ಲವನ್ನೂ ಒಡೆದು ಕದಡಿಬಿಡುತ್ತಾರೆ, ಯಾವುದು ಎಲ್ಲಿತ್ತು ಅಂತ ಕೇಳುವ ಹಾಗಿಲ್ಲ.

ಜಾಗವೂ ಬೇಕಾದರೆ ಅಂಗಾಂಶದ ತೆಳು ಚೂರು ಸ್ಲೈಡ್ ಮೇಲೆ ಹಾಗೇ ಇರಬೇಕು. ನನಗೆ ಇಷ್ಟವಾದದ್ದು ಪ್ಯಾಡ್‌ಲಾಕ್ ಪ್ರೋಬ್. ಅದೊಂದು ಡಿಎನ್‌ಎ ಎಳೆ. ಅದರ ಎರಡೂ ತುದಿ ಆರ್‌ಎನ್‌ಎ ಮೇಲೆ ಅಕ್ಕಪಕ್ಕ ಕೂರುತ್ತವೆ. ಸರಿಯಾಗಿ ಹೊಂದಿದರೆ ಲೈಗೇಸ್ ಎಂಬ ಕಿಣ್ವ ತುದಿಗಳನ್ನು ಬೆಸೆದು ಬಳೆ ಮಾಡುತ್ತದೆ. (ಟಿ4 ಎಂಬ ಸಾಮಾನ್ಯ ಲೈಗೇಸ್ ಆರ್‌ಎನ್‌ಎ ಮೇಲೆ ಸ್ವಲ್ಪ ಸೋಮಾರಿ, ಅದಕ್ಕೇ ಸ್ಪ್ಲಿಂಟ್‌ಆರ್ ಎಂಬ ಇನ್ನೊಂದು ಲೈಗೇಸ್ ಬಳಸುತ್ತಾರೆ.) ಆಮೇಲೆ ಫೈ29 ಪಾಲಿಮರೇಸ್ ಎಂಬ ಡಿಎನ್‌ಎ ನಕಲು ಮಾಡುವ ಕಿಣ್ವ, 30 ಡಿಗ್ರಿಯಲ್ಲಿ, ಆ ಬಳೆಯನ್ನು ಸುತ್ತಿ ಸುತ್ತಿ ನಕಲು ಮಾಡುತ್ತದೆ. ಅಂಕೋಲೆಯಲ್ಲಿ ಅಬ್ಬಲಿಗೆ ದಂಡೆ ಕಟ್ಟುವುದನ್ನು ನೋಡಿದ್ದೀರಲ್ವಾ? ಅದೇ ಹೂವು, ಮತ್ತೆ ಮತ್ತೆ, ನೂರಾರು. ಈ ದಂಡೆ ಅಲ್ಲೇ ಮುದ್ದೆಯಾಗಿ ಉಳಿಯುತ್ತದೆ. ಹೊಳೆಯುವ ಬಣ್ಣ ಅಂಟಿಸಿದರೆ ಸುಮಾರು 1 ಮೈಕ್ರೋಮೀಟರ್‌ನ ಚುಕ್ಕೆಯಾಗಿ ಕಾಣುತ್ತದೆ. ಎಲ್ಲ ಆರ್‌ಎನ್‌ಎಯೂ ಸಿಗುವುದಿಲ್ಲ, ಅದು ನಿಜ.

ಕೈಗವಸು ಇಲ್ಲದೆ ಸುಮ್ನೆ ಸ್ಲೈಡ್ ಮುಟ್ಟಬೇಡಿ. ಆರ್‌ಎನ್‌ಎ ತಿನ್ನುವ ಕಿಣ್ವ ನಮ್ಮ ಬೆರಳಲ್ಲೇ ಇರುತ್ತದೆ, ಕುದಿಸಿದರೂ ಸುಲಭಕ್ಕೆ ಹಾಳಾಗದ ಜಾತಿ ಅದು.