ಅಡುಗೆಕೋಣೆ ಏಳಡಿ ಆದದ್ದು ಹೇಗೆ?

ಮನೆ ನಕ್ಷೆ, ಕ್ಯಾಡ್, ಪ್ರಿಂಟ್: ಓದುಗರ ಪ್ರಶ್ನೆಗಳಿಗೆ ಉಡುಪಿ ಕಲ್ಸಂಕದ ಡ್ರಾಫ್ಟ್ಸ್‌ಮನ್ ಒಬ್ಬರ ಉತ್ತರ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ. ಎಂಜಿನಿಯರ್ ಕಳಿಸಿದ ಡಿಡಬ್ಲ್ಯೂಜಿ ಫೈಲ್, ಅಂದರೆ ಕಂಪ್ಯೂಟರಿನಲ್ಲಿ ಎಳೆದ ನಕ್ಷೆ, ನನ್ನ ಫೋನಿನಲ್ಲಿ ತೆರೆಯಲಿಲ್ಲ. ಕೇಳಿದ್ದಕ್ಕೆ ಪಿಡಿಎಫ್ ಮಾಡಿ ಕಳಿಸಿದರು. ಅದನ್ನು ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮೇಸ್ತ್ರಿಗೆ ಕೊಟ್ಟೆ. ಅಡುಗೆಕೋಣೆಯ ಅಳತೆ ಮಾತ್ರ ಸಣ್ಣ ಅಕ್ಷರ, ಓದಲಿಕ್ಕೇ ಆಗುತ್ತಿರಲಿಲ್ಲ. ಅವರು ಸ್ಕೇಲ್ ಇಟ್ಟು ಅಳೆದು ಸುಣ್ಣ ಹಾಕಿದರು. ನೋಡಿದರೆ ಹತ್ತಡಿಯ ಕೋಣೆ ಏಳಡಿ! ತಪ್ಪು ಎಂಜಿನಿಯರರದ್ದೋ, ಮೇಸ್ತ್ರಿಯದ್ದೋ, ಪಿಡಿಎಫ್‌ನದ್ದೋ? (ನಿವೃತ್ತ ಟೀಚರ್, ಬ್ರಹ್ಮಾವರ)

ಉತ್ತರ: ಸುಣ್ಣದ ಗೆರೆಯಲ್ಲೇ ಗೊತ್ತಾಯಿತಲ್ಲ ಟೀಚರ್, ಬಚಾವ್. ಮುರಕಲ್ಲು ಏರಿಸಿದ ಮೇಲೆ ಗೊತ್ತಾಗಿದ್ದರೆ ಕಷ್ಟ ಇತ್ತು.

ಪತ್ರದ ಜೊತೆ ನೀವು ಕಳಿಸಿದ ಪಿಡಿಎಫ್ ತೆರೆದು ನೋಡಿದೆ. ಫೈಲಿನ ಪ್ರಾಪರ್ಟೀಸ್‌ಗೆ ಹೋದರೆ ಪುಟದ ಅಳತೆ ಸಿಗುತ್ತದೆ: 420 x 297 ಮಿಲಿಮೀಟರ್. ಅಂದರೆ ಎ3. ಮೂಲೆಯಲ್ಲಿ ಸ್ಕೇಲ್ 1:50 ಅಂತ ಬರೆದಿದ್ದಾರೆ, ಅಂದರೆ ಕಾಗದದ ಒಂದಿಂಚು ನೆಲದ ಮೇಲೆ 50 ಇಂಚು. ಎಂಜಿನಿಯರ್ ಸರಿಯಾಗಿಯೇ ಮಾಡಿದ್ದಾರೆ. ಆದರೆ ಅಂಗಡಿಯವರು ಅದನ್ನು ಎ4 ಹಾಳೆಗೆ ಹೊಡೆದು ಕೊಟ್ಟಿದ್ದಾರೆ. ಎ4ರ ಉದ್ದ 297 ಮಾತ್ರ. ನೂರಿದ್ದದ್ದು ಎಪ್ಪತ್ತಾಯಿತು.

ಈಗ ನಿಮ್ಮ ಅಡುಗೆಕೋಣೆ ನೋಡಿ. ಹತ್ತಡಿ ಎಂದರೆ 120 ಇಂಚು. 1:50ರಲ್ಲಿ ಕಾಗದದ ಮೇಲೆ 2.4 ಇಂಚು ಇರಬೇಕು. ಎ4ರಲ್ಲಿ ಅದು 1.7 ಇಂಚಿಗೆ ಇಳಿಯಿತು. ಮೇಸ್ತ್ರಿ 1.7ನ್ನು 50ರಿಂದ ಗುಣಿಸಿದರು, 85 ಇಂಚು ಬಂತು. ಏಳಡಿ ಒಂದಿಂಚು! ಅವರ ಲೆಕ್ಕ ಸರಿಯಾಗಿಯೇ ಉಂಟು ಮಾರಾಯ್ರೆ, ಕುಗ್ಗಿದ್ದು ಕಾಗದ. ಅಳತೆಯ ಅಕ್ಷರ ಓದಲಿಕ್ಕೆ ಆಗದೆ ಹೋದದ್ದೂ ಇದೇ ಕಾರಣಕ್ಕೆ. ಅಕ್ಷರವೂ ಗೆರೆಯ ಜೊತೆ ಕುಗ್ಗಿತಲ್ಲ.

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವಾಗ, ಕಾಗದದ ಅಳತೆ ಲೆಕ್ಕಕ್ಕಿಲ್ಲ. ಹತ್ತಡಿಯ ಗೋಡೆಯನ್ನು ಅಲ್ಲಿ ಹತ್ತಡಿಯೇ ಎಳೆಯುವುದು. ನಾನು ಟ್ರೇಸಿಂಗ್ ಶೀಟಿನ ಮೇಲೆ ಇಂಕ್ ಪೆನ್ನಿನಲ್ಲಿ ಎಳೆದು ಕಲಿತವನು. ಗೆರೆ ತಪ್ಪಿದರೆ ಬ್ಲೇಡಿನಿಂದ ಕೆರೆಯಬೇಕಿತ್ತು. ಕೆರೆದ ಜಾಗದಲ್ಲಿ ಮತ್ತೆ ಎಳೆದರೆ ಇಂಕು ಹರಡುತ್ತಿತ್ತು. ಆಗ ಮೊದಲ ಗೆರೆಗಿಂತ ಮೊದಲೇ ಸ್ಕೇಲ್ ಯಾವುದು, ಹಾಳೆ ಯಾವುದು ಅಂತ ತೀರ್ಮಾನ ಆಗಿರುತ್ತಿತ್ತು. 1982ರಲ್ಲಿ ಆಟೋಕ್ಯಾಡ್ ಎಂಬ ಕ್ಯಾಡ್ ತಂತ್ರಾಂಶ ಬಂದ ಮೇಲೆ ಆ ತೀರ್ಮಾನ ಕೊನೆಗೆ ಹೋಯಿತು. ಪಿಡಿಎಫ್ ಮಾಡುವ ಗಳಿಗೆಯಲ್ಲಿ ಯಾರಾದರೂ ಅದನ್ನು ಮಾಡಲೇಬೇಕು. ಮಾಡದಿದ್ದರೆ ಕಂಪ್ಯೂಟರ್ 'ಫಿಟ್ ಟು ಪೇಪರ್' ಅಂತ ತಾನೇ ಹೊಂದಿಸಿಕೊಳ್ಳುತ್ತದೆ. ಹಾಳೆ ತುಂಬಾ ಬರುವುದರಿಂದ ನೋಡಲು ಚಂದ. ಆದರೆ ಸ್ಕೇಲ್ 1:63ರ ಹಾಗೆ ಯಾವುದಾದರೂ ವಿಚಿತ್ರ ಸಂಖ್ಯೆ ಆಗಿರುತ್ತದೆ, ಮೂಲೆಯಲ್ಲಿ ಮಾತ್ರ 1:50 ಅಂತಲೇ ಇರುತ್ತದೆ.

ನಿಮ್ಮ ಎಂಜಿನಿಯರರಿಗೆ ಇದೆಲ್ಲ ಗೊತ್ತುಂಟು. ಹೊಸದಾಗಿ ಕಲಿಯುವವರಿಗಾಗಿ ಹೇಳುತ್ತೇನೆ. ಆಟೋಕ್ಯಾಡ್‌ನ ಪ್ಲಾಟ್ (ಪ್ರಿಂಟ್ ತೆಗೆಯುವ) ಕಿಟಕಿಯಲ್ಲಿ ಪ್ರಿಂಟರ್ ಜಾಗಕ್ಕೆ 'ಡಿಡಬ್ಲ್ಯೂಜಿ ಟು ಪಿಡಿಎಫ್' ಆರಿಸಿ. ಕಾಗದ 'ಐಎಸ್‌ಒ ಫುಲ್ ಬ್ಲೀಡ್ ಎ3'. ಆಮೇಲೆ 'ಫಿಟ್ ಟು ಪೇಪರ್' ಮೇಲಿನ ಟಿಕ್ ತೆಗೆದು ಸ್ಕೇಲನ್ನು ನೀವೇ ಕೊಡಿ. ಡ್ರಾಯಿಂಗ್ ಮಿಲಿಮೀಟರಿನಲ್ಲಿದ್ದರೆ 1:50 ಸಾಕು. ಅಡಿ-ಇಂಚಿನಲ್ಲಿದ್ದರೆ ಪಕ್ಕದ ಮಿಲಿಮೀಟರನ್ನು ಇಂಚಿಗೆ ಬದಲಿಸಿ, ಕಾಗದದ ಒಂದಿಂಚಿಗೆ ಡ್ರಾಯಿಂಗಿನ 50 ಯೂನಿಟ್ ಕೊಡಿ. ಸೈಟ್ ಪ್ಲಾನ್ ಮೀಟರಿನಲ್ಲಿ ಎಳೆದದ್ದಾದರೆ 1:50ಕ್ಕೆ ಒಂದು ಮಿಲಿಮೀಟರಿಗೆ 0.05 ಯೂನಿಟ್. ಜಾಸ್ತಿ ಜನ ಎಡವುವುದು ಇಲ್ಲಿಯೇ.

ಕಾಗದ ಆರಿಸುವುದಕ್ಕೂ ಸುಲಭ ಲೆಕ್ಕ ಉಂಟು. 14 ಮೀಟರ್ ಉದ್ದ, 11 ಮೀಟರ್ ಅಗಲದ ಮನೆ 1:100ರಲ್ಲಿ 14 x 11 ಸೆಂಟಿಮೀಟರ್, ಎ4ರಲ್ಲಿ ಆರಾಮಾಗಿ ಕೂರುತ್ತದೆ. 1:50ರಲ್ಲಿ 28 x 22. ಎ4ರ ಅಗಲ 21, ಸಾಲದು. ಎ3 ಬೇಕೇ ಬೇಕು.

ಟೀಚರ್, ನೀವು ಮಾಡಬೇಕಾದ್ದು ಇಷ್ಟು. ಅಂಗಡಿಯಲ್ಲಿ ಎ3 ಹಾಳೆ ಕೇಳಿ. ಪ್ರಿಂಟ್ ಕೊಡುವಾಗ 'ಆಕ್ಚುವಲ್ ಸೈಜ್' ಇಡಲಿಕ್ಕೆ ಹೇಳಿ. 'ಫಿಟ್' ಇಟ್ಟರೆ ಅಂಚು ಬಿಡಲಿಕ್ಕೆಂದು ಎ3ರಿಂದ ಎ3ಗೂ ತುಸು ಕುಗ್ಗಿಸುತ್ತದೆ. ಎಂಜಿನಿಯರರಿಗೆ ಹೇಳಿ ನಕ್ಷೆಯ ಕೆಳಗೆ ಒಂದು ಅಳತೆಪಟ್ಟಿ ಹಾಕಿಸಿ, 0, 5, 10 ಅಡಿ ಅಂತ ಗುರುತು ಇರುವಂಥದ್ದು. ಕಾಗದ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ, ಮೇಸ್ತ್ರಿಗೆ ಮೋಸ ಆಗುವುದಿಲ್ಲ. ಅಷ್ಟಾದರೂ ಬರೆದ ಅಳತೆಯೇ ಕೊನೆಯ ಮಾತು. ಸ್ಕೇಲ್ ಇಟ್ಟು ಅಳೆದು ಗೋಡೆ ಕಟ್ಟುವ ಪದ್ಧತಿಯೇ ಬೇಡ. ಕಾಣದಿದ್ದರೆ ಫೋನ್ ಮಾಡಿ ಕೇಳಲಿ.

ಇನ್ನೊಂದು. ಇಂಕ್‌ಜೆಟ್ ಪ್ರಿಂಟ್ ನಮ್ಮ ಜೂನ್ ಮಳೆಗೆ ತಡೆಯುವುದಿಲ್ಲ, ಸೈಟಿನಲ್ಲಿ ನೀಲಿ ಕಲೆ ಮಾತ್ರ ಉಳಿಯುತ್ತದೆ. ಲೇಸರ್ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿ.

ಪ್ರಶ್ನೆ: ಪರದೆಯಲ್ಲಿ ಚೆನ್ನಾಗಿ ಕಾಣುವ ಕೆಲವು ಗೆರೆಗಳು ಪಿಡಿಎಫ್‌ನಲ್ಲಿ ಮಾಯ. ನುಡಿ ತಂತ್ರಾಂಶದಲ್ಲಿ ಬರೆದ ಕನ್ನಡ ಹೆಸರುಗಳು ಸ್ನೇಹಿತನ ಕಂಪ್ಯೂಟರಿನಲ್ಲಿ ಏನೇನೋ ಇಂಗ್ಲಿಷ್ ಅಕ್ಷರಗಳಾಗುತ್ತವೆ. (ಡಿಪ್ಲೊಮಾ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಮಾಯವಾದ ಗೆರೆ ಯಾವ ಲೇಯರಿನಲ್ಲಿದೆ (ಗೆರೆಗಳನ್ನು ಗುಂಪು ಮಾಡಿಡುವ ಪದರ) ನೋಡಪ್ಪ. 'ಡೆಫ್‌ಪಾಯಿಂಟ್ಸ್' ಅಂತ ಇದ್ದರೆ ಅದು ಎಂದಿಗೂ ಪ್ರಿಂಟ್ ಆಗುವುದಿಲ್ಲ. ಡೈಮೆನ್ಶನ್ (ಅಳತೆಯ ಗುರುತು) ಹಾಕಿದಾಗ ಆಟೋಕ್ಯಾಡ್ ತಾನೇ ಹುಟ್ಟಿಸುವ ಲೇಯರ್ ಅದು. ಅಲ್ಲಿ ಇಲ್ಲವೆಂದರೆ ಬಣ್ಣದ ಕಾಟ. ಕಪ್ಪು ಪರದೆಯ ಮೇಲೆ ಹೊಳೆಯುವ ಹಳದಿ, ಬಿಳಿ ಹಾಳೆಯ ಮೇಲೆ ಇದ್ದೂ ಇಲ್ಲದ ಹಾಗೆ. ಪ್ಲಾಟ್ ಸ್ಟೈಲಿಗೆ (ಪ್ರಿಂಟಿನಲ್ಲಿ ಗೆರೆಯ ಬಣ್ಣ, ದಪ್ಪ ತೀರ್ಮಾನಿಸುವ ಪಟ್ಟಿ) 'ಮೊನೋಕ್ರೋಮ್ ಸಿಟಿಬಿ' ಕೊಟ್ಟರೆ ಸಾಮಾನ್ಯವಾಗಿ ಎಲ್ಲ ಕಪ್ಪಾಗುತ್ತದೆ.

ಹಳೆಯ ನುಡಿ ಅಕ್ಷರಗಳ ಒಡಲಲ್ಲಿ ಇರುವುದು ಇಂಗ್ಲಿಷ್ ಕೋಡ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬಣ್ಣ ಬಯಲಾಗುತ್ತದೆ. ಹಾಗಾಗಿ ಸ್ನೇಹಿತನಿಗೆ ಡಿಡಬ್ಲ್ಯೂಜಿ ಕಳಿಸುವ ಬದಲು ಪಿಡಿಎಫ್ ಕಳಿಸು. 1993ರಲ್ಲಿ ಅಡೋಬಿ ಇದನ್ನು ತಂದದ್ದೇ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಅಂತ. ಪಿಡಿಎಫ್ ಆಪ್ಶನ್ಸ್‌ನಲ್ಲಿ ಡ್ರಾಯಿಂಗಿನ ಫಾಂಟನ್ನು ಒಳಗೇ ಸೇರಿಸುವ ಟಿಕ್ ಉಂಟು, ಅದನ್ನು ಹಾಕು. ಅದಕ್ಕೂ ಸರಿಯಾಗದಿದ್ದರೆ ಅಕ್ಷರಗಳನ್ನೆಲ್ಲ ಗೆರೆಯಾಗಿಸುವ ಟಿಕ್ ಪಕ್ಕದಲ್ಲೇ ಇದೆ. ಆಗ ಪಿಡಿಎಫ್‌ನಲ್ಲಿ ಹೆಸರು ಹುಡುಕಲಿಕ್ಕೆ ಆಗುವುದಿಲ್ಲ, ಅಷ್ಟೇ.

ಪ್ರಶ್ನೆ: ಪಿಡಿಎಫ್ ಕೊಟ್ಟರೆ ನನ್ನ ಡಿಸೈನ್ ಯಾರೂ ಕದಿಯಲಾರರು, ಅಲ್ವಾ? (ಒಳಾಂಗಣ ವಿನ್ಯಾಸಕಿ, ಕದ್ರಿ, ಮಂಗಳೂರು)

ಉತ್ತರ: ಆ ಧೈರ್ಯ ಬೇಡ ಮೇಡಂ. ಆಟೋಕ್ಯಾಡ್ 2017ರಿಂದ ಪಿಡಿಎಫ್ ಇಂಪೋರ್ಟ್ ಬಂದಿದೆ. ಕ್ಯಾಡ್‌ನಿಂದ ಹುಟ್ಟಿದ ಪಿಡಿಎಫ್ ಆದರೆ ಗೆರೆಗಳೆಲ್ಲ ಗೆರೆಗಳಾಗಿಯೇ ವಾಪಸ್ ಬರುತ್ತವೆ, ಲೇಯರ್ ಮಾಹಿತಿ ಬಿಟ್ಟಿದ್ದರೆ ಲೇಯರ್ ಸಮೇತ. ಡೈಮೆನ್ಶನ್‌ಗಳು ಮಾತ್ರ ಬಿಡಿಬಿಡಿ ಗೆರೆಗಳಾಗಿ ಚೂರಾಗುತ್ತವೆ. ಹಣ ಕೈಗೆ ಬರುವ ಮೊದಲು ತೋರಿಸಬೇಕಾದರೆ ನಕ್ಷೆಯನ್ನು ಚಿತ್ರವಾಗಿಸಿ, ಮೇಲೆ ಅಡ್ಡಲಾಗಿ ಹೆಸರು ಹಾಕಿ ಪಿಡಿಎಫ್ ಮಾಡಿ. ನೋಡಿ ಬರೆಯುವವರನ್ನು ಅದೂ ತಡೆಯದು, ಕೆಲಸ ಮಾತ್ರ ನಿಧಾನ ಆಗುತ್ತದೆ. ನನ್ನನ್ನು ಕೇಳಿದರೆ ಮೊದಲು ಅಡ್ವಾನ್ಸ್ ತೆಗೆದುಕೊಳ್ಳಿ.

ಪ್ರಶ್ನೆ: ಆಟೋಕ್ಯಾಡ್ ಕೊಳ್ಳುವಷ್ಟು ಹಣ ಇಲ್ಲ. ಬಂದ ಡಿಡಬ್ಲ್ಯೂಜಿಯನ್ನು ಪಿಡಿಎಫ್ ಮಾಡಿಕೊಂಡರೆ ಸಾಕು. (ಮರದ ಕೆಲಸದವರು, ಕಾಪು)

ಉತ್ತರ: ಆಟೋಡೆಸ್ಕ್‌ನವರದ್ದೇ 'ಡಿಡಬ್ಲ್ಯೂಜಿ ಟ್ರೂವ್ಯೂ' ಅಂತ ಉಂಟು, ವಿಂಡೋಸ್ ಕಂಪ್ಯೂಟರಿಗೆ ಪುಕ್ಕಟೆ. ಗೆರೆ ಎಳೆಯಲು ಬರುವುದಿಲ್ಲ. ನೋಡಬಹುದು, ಅಳೆಯಬಹುದು, ಮೇಲೆ ಮೊದಲ ಉತ್ತರದಲ್ಲಿ ಹೇಳಿದ ಕ್ರಮದಲ್ಲೇ ಪಿಡಿಎಫ್ ತೆಗೆಯಬಹುದು. ಹೊಸ ಆವೃತ್ತಿಯ ಫೈಲನ್ನು ಹಳೆಯದಕ್ಕೆ ಇಳಿಸುವುದೂ ಅದರಲ್ಲೇ ಆಗುತ್ತದೆ. ಆಮೇಲೆ ವಾಟ್ಸಾಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಅಂತಲೇ ಕಳಿಸಿ. ಸುಮ್ನೆ ಸ್ಕ್ರೀನ್‌ಶಾಟ್ ತೆಗೆದು ಫೋಟೋ ಕಳಿಸಿದರೆ 3 ಯಾವುದು, 8 ಯಾವುದು ಅಂತ ಆ ಕಡೆಯವರು ಊಹಿಸಬೇಕಾಗುತ್ತದೆ. ಬಾಗಿಲ ದಾರಂದದ ಅಳತೆಯಲ್ಲಿ ಆ ಊಹೆ ಬೇಡ.