ಹದಿನಾಲ್ಕು ಜನ, ಒಂದು ಬೆಟ್ಟ: ನಿಮ್ಮ ಚಾರಣದ ಪ್ರಶ್ನೆಗಳಿಗೆ ಉತ್ತರ

ಹೆಂಗಸರೇ ಸೇರ್ಕೊಂಡು ಒಂದಿನದ ಟ್ರೆಕ್ ಹೋಗೋದರ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿದ್ವು, ಅದಕ್ಕೇ ಮಿಕ್ಕಿದ್ದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವನ್ನಷ್ಟೇ ಎತ್ಕೊಂಡಿದೀನಿ.

ಅಕ್ಕಾ, ನಮ್ಮ ಬೀದಿ ಮಹಿಳಾ ಸಂಘದಿಂದ ಹದಿನಾಲ್ಕು ಜನ ಬೆಂಗಳೂರಿನ ಹತ್ರ ಕಾಡು ಇರೋ ಬೆಟ್ಟ ಯಾವ್ದಾದ್ರೂ ಹತ್ತಿ ಸಾಯಂಕಾಲ ಮನೆ ಸೇರ್ಬೇಕು ಅಂತಿದೀವಿ. ಚಿಕ್ಕೋಳಿಗೆ 26, ದೊಡ್ಡೋರಿಗೆ 61. ಅರ್ಧ ಜನ ಸಾವನದುರ್ಗ ಅಂತಾರೆ, ಅರ್ಧ ಜನ ದೇವರಾಯನದುರ್ಗ ಅಂತಾರೆ. ಯಾವ್ದು? (ಗೃಹಿಣಿ, ವಿಜಯನಗರ)

ದೇವರಾಯನದುರ್ಗ. ಇಷ್ಟಕ್ಕೇ ಮುಗಿಸ್ಬಹುದಿತ್ತು, ಆದ್ರೆ ಸಾವನದುರ್ಗದ ಪಾರ್ಟಿಯೋರು ಸುಮ್ನಿರಲ್ವಲ್ಲ. ಮಾಗಡಿ ಹತ್ರದ ಆ ಬೆಟ್ಟ 1226 ಮೀಟರ್, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಹೆಸರು ಮಾಡಿರೋದು, ಅಂದ್ರೆ ಏನು, ಬುಡದ ಕಾಡು ದಾಟಿದ್ಮೇಲೆ ನೀವು ನಡೆಯೋದು ಮಣ್ಣಿನ ಮೇಲಲ್ಲ ಬೋಳು ಬಂಡೆ ಮೇಲೆ, ನೆರಳಿಲ್ಲ, ಹತ್ತು ಗಂಟೆ ಮೇಲೆ ಬಂಡೆ ಕಾದು ಕೆಳಗಿಂದ್ಲೂ ಬಿಸಿ ಹೊಡೆಯುತ್ತೆ. ಹತ್ತುವಾಗ ಮುಂದಿರೋಳ ಬೆನ್ನು ನೋಡ್ಕೊಂಡು ಹತ್ಬಿಡ್ತೀರ, ಭಯ ಗೊತ್ತಾಗೋದು ಇಳಿಯುವಾಗ. ಆವಾಗ ಕಣ್ಣಿಗೆ ಬೀಳೋದು ಇಡೀ ಇಳಿಜಾರು, ಮೊದಲನೇ ಸಲ ಬಂದೋರು ಅಲ್ಲೇ ಕುಕ್ಕರಿಸ್ಕೊಂಡು ಕೈಯೂರಿ ಕೈಯೂರಿ ಜಾರ್ತಾ ಬರೋದು ಅಲ್ಲಿ ಸಾಮಾನ್ಯ ದೃಶ್ಯ. ಮಳೆ ಬಿದ್ದಿದ್ರಂತೂ ಆ ಮಾತೇ ಬೇಡ.

ದೇವರಾಯನದುರ್ಗ ತುಮಕೂರಿಂದ ಸುಮಾರು 15 ಕಿಲೋಮೀಟರ್. ಎತ್ತರ ಅಲ್ಲೂ ಹೆಚ್ಚುಕಮ್ಮಿ ಅಷ್ಟೇ, 1200 ಮೀಟರ್ ಹತ್ತಿರ ಇದೆ, ಆದ್ರೆ ಕಾಡಿದೆ, ನೆರಳಿದೆ, ಕೆಳಗೆ ಭೋಗ ನರಸಿಂಹ ಮೇಲೆ ಯೋಗ ನರಸಿಂಹ ಅಂತ ಎರಡು ದೇವಸ್ಥಾನ, ಮಧ್ಯೆ ಮೆಟ್ಟಿಲಿನ ದಾರಿ. ಎಲ್ಲಕ್ಕಿಂತ ಮುಖ್ಯ, ಬೆಟ್ಟಕ್ಕೆ ಟಾರ್ ರಸ್ತೆನೂ ಇದೆ. 61ರವರಿಗೆ ಅರ್ಧ ದಾರಿಲಿ ಮಂಡಿ ಕೈಕೊಟ್ರೆ ಗಾಡಿ ಹತ್ತಿಸ್ಬಹುದು, ಸಾವನದುರ್ಗದ ಬಂಡೆ ಮೇಲೆ ಹೊತ್ಕೊಂಡೇ ಬರ್ಬೇಕು. ಬೆಳಗ್ಗೆ ಮೊದಲು ನಾಮದ ಚಿಲುಮೆಗೆ ಹೋಗಿ, ರಾಮ ಹಣೆಗೆ ನಾಮ ಇಟ್ಕೊಳ್ಳೋಕೆ ನೀರು ಬೇಕಾಗಿ ಬಾಣ ಬಿಟ್ಟಾಗ ಬಂಡೆಯಿಂದ ಚಿಮ್ಮಿದ ನೀರು ಅಂತ ಕಥೆ, ಸುತ್ತ ಮರಗಳು ದಟ್ಟವಾಗಿವೆ, ತಿಂಡಿಗೆ ಒಳ್ಳೇ ಜಾಗ. ಆಮೇಲೆ ಬೆಟ್ಟ.

ಖರ್ಚಿನ ಲೆಕ್ಕನೂ ಹೇಳ್ಬಿಡ್ತೀನಿ. ಮೆಜೆಸ್ಟಿಕ್‌ನಿಂದ ತುಮಕೂರಿಗೆ ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸು ಹತ್ತಿದ್ರೆ 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಲಿ ನಿಮಗೆಲ್ಲ ಸೊನ್ನೆ ಟಿಕೆಟ್, ರಾಜಹಂಸ ಐರಾವತ ಎಲ್ಲ ಇದಕ್ಕೆ ಸೇರಲ್ಲ, ಆಧಾರ್ ಮರೀಬೇಡಿ. ತುಮಕೂರಿಂದ ಮುಂದಕ್ಕೆ ಬಸ್ ನೆಚ್ಕೊಂಡ್ರೆ ದಿನ ಅಲ್ಲೇ ಕಳೆದೋಗುತ್ತೆ, ಒಂದು ಟೆಂಪೋ ಮಾತಾಡ್ಕೊಂಡು ಸಂಜೆ ತನಕ ಇಟ್ಕೊಳ್ಳಿ. ಮೆಟ್ಟಿಲು, ರಸ್ತೆ ಬಿಟ್ಟು ಕಾಡಿನೊಳಗಿನ ಕಾಲುದಾರಿ ಹಿಡೀಬೇಕು ಅಂದ್ರೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಅವರು ಒಪ್ಪಿರೋ ಚಾರಣದ ದಾರಿಗಳಿಗೆ ಅರಣ್ಯ ವಿಹಾರ ವೆಬ್‌ಸೈಟ್‌ನಲ್ಲಿ ಮೊದಲೇ ಬುಕ್ ಮಾಡ್ಬೇಕು, ಗೇಟ್ ಹತ್ರ ಹೋಗಿ ಗಾರ್ಡ್ ಜೊತೆ ವಾದ ಮಾಡಿದ್ರೆ ಆಗಲ್ಲ.

ನಮ್ಮನೆಯವ್ರು "ಬರೀ ಹೆಂಗಸ್ರಾ? ಒಬ್ಬನಾದ್ರೂ ಗಂಡಸು ಇರ್ಲಿ" ಅಂತಾರೆ. ಏನ್ ಹೇಳ್ಲಿ? (ಟೀಚರ್, ತುಮಕೂರು)

ಆ ಒಬ್ಬ ಗಂಡಸು ಕರಡಿ ಬಂದಾಗ ಏನ್ ಮಾಡ್ತಾರೆ ಅಂತ ಕೇಳಿ ನೋಡಿ! ತಮಾಷೆ ಬಿಡಿ, ಆ ಕಾಡುಗಳಲ್ಲಿ ಕರಡಿ, ಚಿರತೆ ನಿಜವಾಗ್ಲೂ ಇವೆ, ಹೆಚ್ಚಾಗಿ ನಸುಕಲ್ಲಿ ಮತ್ತೆ ಸಂಜೆ ಮೇಲೆ ಓಡಾಡೋವು, ಹಾಗಾಗಿ ಬೆಳಕು ಹರಿದ ಮೇಲೆ ಒಳಗೆ ಹೋಗಿ ನಾಲ್ಕು ಗಂಟೆಗೆ ಹೊರಗೆ ಬಂದ್ಬಿಡಿ, ಒಬ್ಬೊಬ್ರೇ ಚದುರ್ಬೇಡಿ, ಮಾತಾಡ್ಕೊಂಡು ನಡೀರಿ. ಹದಿನಾಲ್ಕು ಹೆಂಗಸ್ರಿಗೆ ಇದನ್ನ ಹೇಳ್ಕೊಡಬೇಕಾ. ಮನೆಯವ್ರಿಗೆ ಬೇಕಾಗಿರೋದು ಧೈರ್ಯ ತಾನೇ, ಹೋಗೋರ ಹೆಸರು, ಟೆಂಪೋ ನಂಬರ್, ಎಷ್ಟೊತ್ತಿಗೆ ಕೆಳಗಿಳೀತೀವಿ ಅನ್ನೋದು ಒಂದು ಚೀಟಿಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಸ್ಥಳೀಯ ಗೈಡ್ ಸಿಕ್ರೆ ಕರ್ಕೊಳ್ಳಿ, ಅವರು ಗಂಡಸೋ ಹೆಂಗಸೋ ಅನ್ನೋದಕ್ಕಿಂತ ದಾರಿ ಗೊತ್ತಿರ್ಬೇಕು. ತುರ್ತಿಗೆ 112. ಇನ್ನೂ ಒಪ್ಪಲ್ಲ ಅಂದ್ರೆ ಜಪಾನಿನ ಜುಂಕೊ ತಬೈ ಕಥೆ ಹೇಳಿ, 1969ರಲ್ಲಿ ಹೆಂಗಸರದ್ದೇ ಪರ್ವತಾರೋಹಣ ಕ್ಲಬ್ ಕಟ್ಟಿದ್ರು, 1975ರ ಮೇ 16ಕ್ಕೆ ಎವರೆಸ್ಟ್ ಮೇಲೆ ನಿಂತ ಮೊದಲ ಮಹಿಳೆ ಅವರು, ಆವಾಗ ಮನೇಲಿ ಪುಟ್ಟ ಮಗಳಿದ್ಳು.

ಕೇಳೋಕೆ ನಾಚಿಕೆ, ಆದ್ರೂ ಕೇಳ್ತೀನಿ. ಕಾಡಲ್ಲಿ ಟಾಯ್ಲೆಟ್ಟು? ಆ ದಿನವೇ ಮುಟ್ಟಾದ್ರೆ? (ಹೆಸರು ಬೇಡ)

ಎಲ್ಲರಿಗಿಂತ ಒಳ್ಳೇ ಪ್ರಶ್ನೆ ನಿಮ್ದು. ಟಾಯ್ಲೆಟ್ ಇಲ್ಲ ಅಂತ ಬೆಳಗ್ಗೆಯಿಂದ ನೀರೇ ಕುಡೀದೆ ಬರ್ತಾರೆ ನೋಡಿ, ಮಧ್ಯಾಹ್ನಕ್ಕೆ ತಲೆನೋವು, ಮೀನಖಂಡ ಹಿಡ್ಕೊಳ್ಳೋದು, ತಲೆ ತಿರುಗೋದು ಎಲ್ಲ ಅವರಿಗೇ, ಎರಡು ದಿನ ಬಿಟ್ಟು ಉರಿಮೂತ್ರ ಬೇರೆ. ತಲೆಗೆ ಎರಡು ಲೀಟರ್ ನೀರು ಹೊರಲೇಬೇಕು, ಕುಡೀಲೇಬೇಕು. ದೊಡ್ಡ ಕಪ್ಪು ಛತ್ರಿ ಒಂದು ತನ್ನಿ. ಅದನ್ನ ಬಿಚ್ಚಿ ದಾರಿ ಕಡೆಗೆ ಅಡ್ಡ ಇಟ್ರೆ, ಹಿಂದೆ ಒಬ್ಳು ದುಪಟ್ಟಾ ಹಿಡ್ದು ನಿಂತ್ರೆ ಮುಗೀತು. ಕೂರೋ ಮುಂಚೆ ಕೋಲಲ್ಲಿ ಎಲೆ ಕೆದಕಿ ನೋಡಿ, ಇರುವೆ ಗೂಡಿರುತ್ತೆ, ಹಾವೂ ಇರ್ಬಹುದು. ನೀರಿನ ಸೆಲೆಯಿಂದ ದೂರ ಹೋಗಿ.

ಮುಟ್ಟಾದ್ರೆ ಹೊಟ್ಟೆನೋವು ತೀರಾ ಇಲ್ಲದಿದ್ರೆ ಧಾರಾಳವಾಗಿ ಬನ್ನಿ. ಪ್ಯಾಡನ್ನ ಪೇಪರಲ್ಲಿ ಸುತ್ತಿ ಜಿಪ್ ಕವರಲ್ಲಿ ಹಾಕಿ ವಾಪಸ್ ಮನೆಗೇ ತರ್ಬೇಕು, ಹೂತ್ರೆ ಪ್ರಾಣಿಗಳು ಕೆದಕ್ತವೆ. ಗುಂಪಲ್ಲಿ ಯಾರಾದ್ರೂ ಒಬ್ರ ಬ್ಯಾಗಲ್ಲಿ ಎಲ್ಲರಿಗೂ ಅಂತ ಒಂದು ಪ್ಯಾಕೆಟ್ ಇರ್ಲಿ, ಯಾರೂ ಕೇಳ್ಕೊಂಡು ಓಡಾಡೋ ಹಾಗಾಗ್ಬಾರ್ದು. ದೇವಸ್ಥಾನದ ವಿಷಯ ನಿಮ್ಮ ನಿಮ್ಮ ನಂಬಿಕೆ, ಬೆಟ್ಟಕ್ಕೇನೂ ತಕರಾರಿಲ್ಲ.

ನಾನು ದಪ್ಪ ಇದೀನಿ, ನಿಧಾನ. ಹೋದ ಸಲ ಎಲ್ಲರೂ ಮುಂದೆ ಹೋಗಿ ಕಾಯ್ತಿದ್ರು, ನಾನು ತಲುಪಿದ ತಕ್ಷಣ "ಸರಿ ಹೊರಡೋಣ" ಅಂತ ಎದ್ಬಿಡ್ತಿದ್ರು. ಈ ಸಲ ಹೋಗೋದೇ ಬೇಡ ಅನ್ಸ್ತಿದೆ. (ಓದುಗರು, ಮೈಸೂರು)

ಹೋಗ್ಲೇಬೇಕು ನೀವು. ತಪ್ಪು ನಿಮ್ಮ ಕಾಲಿಂದಲ್ಲ, ಅವರು ನಡೆಸಿದ ರೀತಿದು. ನೋಡಿ ಏನಾಗುತ್ತೆ, ಮುಂದೆ ಹೋದೋರು ಹತ್ತು ನಿಮಿಷ ಕೂತು ದಣಿವಾರಿಸ್ಕೊಂಡಿರ್ತಾರೆ, ನೀವು ಏದುಸಿರು ಬಿಡ್ತಾ ಬರೋ ಹೊತ್ತಿಗೆ ಅವರ ರೆಸ್ಟ್ ಮುಗಿದಿರುತ್ತೆ, ಅಂದ್ರೆ ಜಾಸ್ತಿ ಸುಸ್ತಾದೋಳಿಗೇ ರೆಸ್ಟಿಲ್ಲ. ನಿಮ್ಮ ಲೀಡರ್‌ಗೆ ಈ ಪುಟ ತೋರ್ಸಿ. ಎಲ್ಲರಿಗಿಂತ ನಿಧಾನ ಇರೋರು ಮುಂದಿನಿಂದ ಎರಡನೆಯವರಾಗಿ ನಡೀಬೇಕು, ಚುರುಕಾಗಿರೋಳು ಕೊನೇಲಿ ಸ್ವೀಪ್ ಆಗ್ಬೇಕು, ಅವಳನ್ನ ಬಿಟ್ಟು ಯಾರೂ ಹಿಂದೆ ಉಳೀಬಾರ್ದು. ಕೊನೆಯವಳು ಬಂದು ಕೂತ ಮೇಲೇನೇ ಐದು ನಿಮಿಷ ಎಣಿಸೋಕೆ ಶುರು. ಇನ್ನೊಂದು, ವಾಪಸ್ ತಿರುಗೋ ಟೈಮ್ ಬೆಳಗ್ಗೆನೇ ಫಿಕ್ಸ್ ಮಾಡ್ಬೇಕು. ಒಂದು ಗಂಟೆ ಅಂದ್ರೆ ಒಂದು ಗಂಟೆ, ತುದಿ ಕಾಣ್ತಿದ್ರೂ ತಿರುಗೋದೇ. ಮೊದಲೇ ಹೀಗೆ ಮಾತಾಗಿದ್ರೆ "ಇವಳಿಂದ ಲೇಟಾಯ್ತು" ಅನ್ನೋ ಮಾತೇ ಬರಲ್ಲ.

ಹೋಗೋ ಮುಂಚೆ ಮೂರ್ನಾಲ್ಕು ವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ, ಮನೆ ಹತ್ರಾನೇ ಇದ್ಯಲ್ಲ, ಸಾವಿರ ಮೆಟ್ಟಿಲು ಒಂದೇ ಸಲ ಬೇಡ, ನಂದಿ ತನಕ ಸಾಕು. ಬಿಪಿ, ಸಕ್ಕರೆ, ಎದೆ ತೊಂದ್ರೆ ಇದ್ರೆ ಡಾಕ್ಟರ್ ಕೇಳಿ.

ಸೀರೆಲಿ ಹತ್ಬಹುದಾ? (ಓದುಗರು, ಮಂಡ್ಯ)

ಜಾತ್ರೆಲಿ ನಮ್ಮಜ್ಜಿಯರು ಹತ್ತಿಲ್ವಾ? ಮೆಟ್ಟಿಲಿಗೆ ಸರಿ, ನೆರಿಗೆ ಎತ್ತಿ ಸಿಕ್ಕಿಸ್ಕೊಳ್ಳಿ. ಲಂಟಾನ ಮುಳ್ಳಿನ ದಾರಿಗೆ ಬೇಡ. ಸೀರೆಗಿಂತ ಚಪ್ಪಲಿ ಬಗ್ಗೆ ಯೋಚ್ನೆ ಮಾಡಿ, ಹೊಸಾ ಶೂ ಅವತ್ತೇ ಹಾಕ್ಬೇಡಿ, ಕಾಲ್ಬೆರಳ ಉಗುರು ಕತ್ತರಿಸಿಕೊಂಡು ಬನ್ನಿ, ಇಲ್ಲಾಂದ್ರೆ ಇಳಿಯುವಾಗ ಉಗುರು ಶೂಗೆ ಗುದ್ದಿ ಗುದ್ದಿ ಕಪ್ಪಾಗುತ್ತೆ.

ಹೆಜ್ಜೇನು ಎದ್ರೆ ಏನ್ ಮಾಡೋದು? (ಓದುಗರು, ಕನಕಪುರ)

ಮೊದ್ಲು ಏಳದ ಹಾಗೆ ನೋಡ್ಕೊಳ್ಳಿ. ಸೆಂಟು, ಘಮಘಮ ಅನ್ನೋ ಎಣ್ಣೆ ಬೇಡ, ಬೆಂಕಿ ಹೊಗೆ ಬೇಡ, ಬಂಡೆ ಸೂರಲ್ಲಿ ಗೂಡು ನೇತಾಡ್ತಿದ್ರೆ ಕೆಳಗೆ ನಿಂತು ಸೆಲ್ಫಿ, ಕೂಗಾಟ ಬೇಡ. ಎದ್ದೇಬಿಟ್ರೆ ಕೈ ಬೀಸ್ಬೇಡಿ, ದುಪಟ್ಟಾ ಸೆರಗಲ್ಲಿ ಮುಖ ತಲೆ ಮುಚ್ಕೊಂಡು ದೂರ ಹೋಗಿ, ಗಾಡಿ ಹತ್ರ ಇದ್ರೆ ಒಳಗೆ ನುಗ್ಗಿ ಗಾಜು ಏರಿಸಿ. ಮುಳ್ಳನ್ನ ಉಗುರಲ್ಲಿ ಕೆರೆದು ತಕ್ಷಣ ತೆಗೀರಿ. ತುಂಬಾ ಕಡೆ ಕಚ್ಚಿದ್ರೆ, ಉಸಿರಾಟ ಕಷ್ಟ ಆದ್ರೆ ನೇರ ಆಸ್ಪತ್ರೆ, ಸುಣ್ಣ ಹಚ್ಕೊಂಡು ಕೂರ್ಬೇಡಿ.

ಯಾವ ತಿಂಗಳು ಒಳ್ಳೇದು, ಊಟಕ್ಕೆ ಏನು? (ಓದುಗರು, ಹೊಸಕೋಟೆ)

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಮಾರ್ಚ್ ಮೇಲೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಕಾಲ, ಇಲಾಖೆಯವ್ರು ಎಷ್ಟೋ ದಾರಿ ಮುಚ್ಬಿಡ್ತಾರೆ. ಊಟಕ್ಕೆ ಪುಳಿಯೋಗರೆ, ಚಪಾತಿ, ಶೇಂಗಾ ಚಿಕ್ಕಿ, ಸೌತೆಕಾಯಿ. ಎಲ್ಲಾ ಸ್ಟೀಲ್ ಡಬ್ಬೀಲಿ, ಡಬ್ಬಿ ಬ್ಯಾಗೊಳಗೆ. ದೇವಸ್ಥಾನದ ಹತ್ರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಹೋದ್ರೆ ಕೋತಿಗಳು ಒಳಗೇನಿದೆ ಅಂತಾನೂ ನೋಡಲ್ಲ, ಕವರ್ ಸಮೇತ ಎತ್ಕೊಂಡು ಹೋಗ್ತವೆ.